ಮೊರಾರ್ಜಿ ದೇಸಾಯಿ ಮತ್ತು ಖಾನಾಪುರದ ಬಸ್ಸು

ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಕೆಲವು ತಿಂಗಳ ಹಿಂದೆ ಒಂದು ಸಂಜೆ ನಾನು ಆ ದಾರಿಯಲ್ಲಿ ಹೋಗುತ್ತಿದ್ದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಪ್ರಯಾಣಿಕ ನೀರಿನ ಬಾಟಲಿಯಲ್ಲಿ ಬೆರೆಸಿ ತಂದಿದ್ದ ಮದ್ಯವನ್ನು ಗುಟುಕರಿಸುತ್ತಿದ್ದ. ಪಕ್ಕದ ಕಾಲೇಜು ಹುಡುಗಿಯರ ಕಡೆಗೆ ಅವನು ವಾಲತೊಡಗಿದಾಗ ನಿರ್ವಾಹಕರು ಎರಡು ಬಾರಿ ಎಚ್ಚರಿಸಿದರು. ಮಚ್ಛೆಯ ಬಳಿ ಬಸ್ಸು ನಿಲ್ಲಿಸಿ ಕೆಳಗಿಳಿಸಿದರು. ಅಲ್ಲಿಗೆ ಮುಗಿಯಬೇಕಾದ ಸಂಗತಿ ಅದು. ಆದರೆ ಉಳಿದ ದಾರಿಯುದ್ದಕ್ಕೂ ಬಸ್ಸಿನಲ್ಲಿ ಚರ್ಚೆಯೋ ಚರ್ಚೆ. ರಾಜ್ಯದಲ್ಲಿ ಒಂದು ಮದ್ಯದಂಗಡಿಯೂ ಉಳಿಯಬಾರದೆಂದರು ಕೆಲವರು. ಮನೆಯಲ್ಲಿ ಕುಡಿಯುವವರನ್ನೂ ಜೈಲಿಗೆ ಹಾಕಬೇಕೆಂದರು ಇನ್ನು ಕೆಲವರು. ಕೊನೆಗೆ ನನ್ನಷ್ಟೇ ವಯಸ್ಸಿನವರೊಬ್ಬರು, ಇದಕ್ಕೆಲ್ಲ ಮೊರಾರ್ಜಿ ದೇಸಾಯಿಯವರಂಥ ಆಡಳಿತಗಾರರೇ ಬೇಕೆಂದು ತೀರ್ಪು ಕೊಟ್ಟರು.

ಆ ಹೆಸರು ಖಾನಾಪುರದ ಬಸ್ಸಿನಲ್ಲಿ ಕೇಳಿಬಂದದ್ದು ಅಷ್ಟೇನೂ ಆಕಸ್ಮಿಕವಲ್ಲ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಆ ರಾಜ್ಯದ ಗೃಹಮಂತ್ರಿಯಾಗಿ, ಅನಂತರ ಮುಖ್ಯಮಂತ್ರಿಯಾಗಿ ಸುಮಾರು ಹತ್ತು ವರ್ಷ ನಮ್ಮ ತಂದೆ ತಾತಂದಿರನ್ನು ಆಳಿದವರು ಮೊರಾರ್ಜಿ. ಅವರನ್ನು ಪ್ರಧಾನಿಯಾಗಿ, ತಪ್ಪಿದರೆ ಒಂದು ವಿಲಕ್ಷಣ ಚಿಕಿತ್ಸಾಕ್ರಮದ ಪ್ರತಿಪಾದಕರಾಗಿ ನೆನೆಯುವವರಿಗೆ ಈ ಅಧ್ಯಾಯ ಮರೆತುಹೋಗಿದೆ.

ಮೊರಾರ್ಜಿ ಹುಟ್ಟಿದ್ದು 1896ರ ಫೆಬ್ರವರಿ 29ರಂದು, ಗುಜರಾತಿನ ವಲಸಾಡದ ಬಳಿಯ ಭಡೇಲಿ ಗ್ರಾಮದಲ್ಲಿ. ತಂದೆ ಶಾಲಾ ಶಿಕ್ಷಕರು. ಮೊರಾರ್ಜಿಯವರಿಗೆ ಹದಿನೈದು ವರ್ಷವಾಗಿದ್ದಾಗ, ಅವರ ಮದುವೆಗೆ ಮೂರು ದಿನಗಳಿರುವಾಗ ತಂದೆ ತೀರಿಕೊಂಡರು. ಮದುವೆ ನಿಗದಿಯಾದ ದಿನವೇ ನಡೆಯಿತು, ಸಂಸಾರದ ಭಾರ ಹುಡುಗನ ಹೆಗಲಿಗೆ ಬಂತು. ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪ್ರಾಂತೀಯ ನಾಗರಿಕ ಸೇವೆಗೆ ಸೇರಿದರು. ಹನ್ನೆರಡು ವರ್ಷ ಅಧಿಕಾರಿಯಾಗಿದ್ದು ಗೋಧ್ರಾದಲ್ಲೂ ಡೆಪ್ಯುಟಿ ಕಲೆಕ್ಟರರಾಗಿ ಕೆಲಸ ಮಾಡಿದರು. ಅಲ್ಲಿನ ಕೋಮುಗಲಭೆಯ ಸಂದರ್ಭದಲ್ಲಿ ಪಕ್ಷಪಾತದ ಆರೋಪ ಹೊತ್ತರು. 1930ರಲ್ಲಿ ರಾಜೀನಾಮೆ ಕೊಟ್ಟು ಗಾಂಧೀಜಿಯವರ ಕಾನೂನುಭಂಗ ಚಳವಳಿಗೆ ಧುಮುಕಿ ಜೈಲು ಕಂಡರು. ಪಿಂಚಣಿ ಪಡೆದು ಮನೆಯಲ್ಲಿ ಕುಳಿತಿರುವ ನನ್ನಂಥವನು ಆ ರಾಜೀನಾಮೆಯ ಮುಂದೆ ತಲೆಬಾಗಲೇಬೇಕು.

1937ರಲ್ಲಿ ಬಿ.ಜಿ. ಖೇರ್ ಮಂತ್ರಿಮಂಡಲದಲ್ಲಿ ಅವರು ಕಂದಾಯ ಮಂತ್ರಿ. 1939ರ ಆಗಸ್ಟಿನಲ್ಲಿ ಆ ಸರ್ಕಾರ ಮುಂಬಯಿ ನಗರದಲ್ಲಿ ಪಾನನಿರೋಧ ತಂದಿತು. ಕೆಲವೇ ತಿಂಗಳಲ್ಲಿ ಸರ್ಕಾರ ರಾಜೀನಾಮೆ ಕೊಟ್ಟಿತು. 1946ರಲ್ಲಿ ಮತ್ತೆ ಖೇರ್, ಈ ಬಾರಿ ಮೊರಾರ್ಜಿ ಗೃಹಮಂತ್ರಿ. 1949ರ ಮುಂಬಯಿ ಪಾನನಿರೋಧ ಕಾಯ್ದೆ ಬಂದದ್ದು ಆಗ. 1950ರ ಏಪ್ರಿಲಿನಿಂದ ರಾಜ್ಯವೆಲ್ಲ, ಬೆಳಗಾವಿ ಖಾನಾಪುರಗಳೂ ಸೇರಿ, ಶುಷ್ಕವಾಯಿತು.

ಕಾಯ್ದೆಯನ್ನು ನಾನು ಸೇವೆಯಲ್ಲಿದ್ದಾಗ ಕುತೂಹಲಕ್ಕೆಂದು ಓದಿದ್ದೆ. ಮದ್ಯ ತಯಾರಿಸುವುದು, ಮಾರುವುದು ಅಪರಾಧವೆಂದರೆ ಸರಿ. ಆದರೆ ಇಟ್ಟುಕೊಳ್ಳುವುದೂ ಅಪರಾಧ, ಕುಡಿಯುವುದೂ ಅಪರಾಧ, ಮದ್ಯವನ್ನು ಹೊಗಳುವುದೂ ಅಪರಾಧ. ವೈದ್ಯರ ಪ್ರಮಾಣಪತ್ರ ತಂದವರಿಗೆ ಆರೋಗ್ಯದ ಪರವಾನಗಿ, ವಿದೇಶಿಯರಿಗೆ ಇನ್ನೊಂದು ಪರವಾನಗಿ, ಸೇನಾ ಭೋಜನಶಾಲೆಗಳಿಗೆ ವಿನಾಯಿತಿ. ಅಧಿಕಾರಿಗಳು ವಾಹನಗಳನ್ನು ನಿಲ್ಲಿಸಿ ಶೋಧಿಸಬಹುದಿತ್ತು. ಇಷ್ಟರ ನಡುವೆ 85ನೆಯ ಸೆಕ್ಷನ್ ಒಂದಿತ್ತು. ಬೀದಿಯಲ್ಲಿ ಅಥವಾ ಸಾರ್ವಜನಿಕರು ಬಂದುಹೋಗುವ ಜಾಗದಲ್ಲಿ ಕುಡಿದು ಮೈಮರೆತಿರುವವನಿಗೆ, ಅಸಭ್ಯವಾಗಿ ವರ್ತಿಸುವವನಿಗೆ ಶಿಕ್ಷೆ ಎಂಬುದು ಅದರ ತಿರುಳು. ಮಚ್ಛೆಯಲ್ಲಿ ಇಳಿದ ಮಹಾಶಯನಿಗೆ ಅದೊಂದು ಸೆಕ್ಷನ್ ಸಾಕಾಗಿತ್ತು. ಉಳಿದ ನೂರಕ್ಕೂ ಹೆಚ್ಚು ಸೆಕ್ಷನ್‌ಗಳು ಬೇಕಾದದ್ದು ಮನೆಯೊಳಗೆ ಕುಳಿತವರಿಗಾಗಿ.

ಖಾನಾಪುರದಲ್ಲಿ ಅದರ ಪರಿಣಾಮವೇನೆಂಬುದು ನನಗೆ ಗೊತ್ತಿರುವುದು ತಾಯಿಯ ಮೂಲಕ. ಖಾನಾಪುರ ತಾಲ್ಲೂಕಿನ ಕಾಡು ದಾಟಿದರೆ ಗೋವಾ. ಆಗ ಅದು ಪೋರ್ಚುಗೀಸರದ್ದು, ಅಲ್ಲಿ ಗೇರುಹಣ್ಣಿನ ಫೆನಿಗೆ ತಡೆಯಿರಲಿಲ್ಲ. ಈ ಕಡೆಯ ಮಲೆನಾಡಿನ ಮನೆಗಳಲ್ಲಿ ಫೆನಿಯೆಂದರೆ ಕುಡಿಯುವ ವಸ್ತುವಷ್ಟೇ ಅಲ್ಲ. ಮಳೆಗಾಲದಲ್ಲಿ ಮಕ್ಕಳ ಎದೆಗೆ, ಮುದುಕರ ಮಂಡಿಗೆ ಹಚ್ಚಿ ತಿಕ್ಕುವ ಮದ್ದು. ನನ್ನ ಅಜ್ಜಿಗೆ ವಾತದ ನೋವು. 1953ರ ಸುಮಾರಿಗೆ, ಜಾಂಬೋಟಿ ಕಡೆಯ ಒಬ್ಬ ಕೂಲಿಯಾಳು ಅಜ್ಜಿಗೆಂದು ಒಂದು ಸೀಸೆ ಫೆನಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಖಾನಾಪುರದ ಬಸ್ಸು ಹತ್ತಿದ. ದಾರಿಯಲ್ಲಿ ಬಸ್ಸು ನಿಲ್ಲಿಸಿ ಶೋಧಿಸಿದರು. ಅವನು ಕುಡಿದಿರಲಿಲ್ಲ, ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಮೂರು ತಿಂಗಳ ಸಜೆಯಾಯಿತು. ವಕೀಲರ ಖರ್ಚಿಗೆ ಎಮ್ಮೆ ಮಾರಿದನಂತೆ. ಖಾದಿ ತೊಡುತ್ತಿದ್ದ, ಪಾನನಿರೋಧದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ನನ್ನ ಅಜ್ಜ, ಆ ಸೀಸೆ ತಮ್ಮ ಮನೆಗೆ ಬರುತ್ತಿತ್ತೆಂದು ಹೇಳಲು ಮುಂದೆ ಬರಲಿಲ್ಲ. ಅವನೂ ಬಾಯಿ ಬಿಡಲಿಲ್ಲ. ತಾಯಿ ಇದನ್ನು ನನಗೆ ಹೇಳಿದ್ದು ತಮ್ಮ ಕೊನೆಯ ವರ್ಷಗಳಲ್ಲಿ, ಅದೂ ಒಮ್ಮೆ ಮಾತ್ರ. ಪರವಾನಗಿ ಪಡೆಯುವ ದಾರಿ ತಿಳಿದವರಿಗೆ ಕಾನೂನಿನಲ್ಲಿ ಕಿಂಡಿಗಳಿದ್ದವು, ಸ್ವಂತ ಮೋಟಾರಿನವರಿಗೆ ಬೇರೆ ದಾರಿಗಳಿದ್ದವು. ಬಸ್ಸಿನಲ್ಲಿ ಕಂಬಳಿ ಹೊದ್ದು ಕುಳಿತವನು ಮಾತ್ರ ಕೈಗೆ ಸಿಗುತ್ತಿದ್ದ.

ನ್ಯಾಯಾಲಯಗಳು ಸುಮ್ಮನಿರಲಿಲ್ಲ. ಎಫ್.ಎನ್. ಬಾಲ್ಸಾರಾ ಎಂಬ ಪಾರ್ಸಿ ಗೃಹಸ್ಥರು ಇಡೀ ಕಾಯ್ದೆಯನ್ನು ಪ್ರಶ್ನಿಸಿದರು. 1951ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ ಬೆನ್ನೆಲುಬನ್ನು ಎತ್ತಿಹಿಡಿಯಿತು, ಆದರೆ ಮದ್ಯಸಾರವಿರುವ ಔಷಧ ಮತ್ತು ಸುಗಂಧದ್ರವ್ಯಗಳ ಮೇಲಿನ ನಿರ್ಬಂಧವನ್ನು, ಮದ್ಯವನ್ನು ಹೊಗಳುವುದು ಅಪರಾಧವೆಂಬ ಭಾಗವನ್ನು ತೆಗೆದುಹಾಕಿತು. ಅದೇ ತಿಂಗಳ ಕೊನೆಯಲ್ಲಿ ಮುಂಬಯಿಯ ಪ್ರಾದೇಶಿಕ ಸಾರಿಗೆ ಅಧಿಕಾರಿ ಪೇಸಿಕಾಕಾ ಅವರು ಓಡಿಸುತ್ತಿದ್ದ ಜೀಪು ಮೂವರಿಗೆ ಬಡಿಯಿತು. ಅವರ ಬಾಯಿ ಮದ್ಯದ ವಾಸನೆ ಬೀರುತ್ತಿತ್ತು. ತಾವು ಸೇವಿಸಿದ್ದು ಟಾನಿಕ್ ಎಂದರು ಅವರು. ಸೇವಿಸಿದ್ದು ನಿಷೇಧಿತ ಮದ್ಯವೇ ಎಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದೆಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತು, ಅವರ ಶಿಕ್ಷೆ ರದ್ದಾಯಿತು. ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋದ ಪ್ರಶ್ನೆ ಬಾಯಿಯ ವಾಸನೆ ಯಾವ ಸೀಸೆಯದೆಂಬುದು, ಬೀದಿಯಲ್ಲಿ ಬಿದ್ದ ಮೂವರದಲ್ಲ.

ಮದ್ಯವೊಂದರಿಂದಲೇ ಮೊರಾರ್ಜಿ ತೃಪ್ತರಾಗಲಿಲ್ಲ. ಪದಬಂಧ ಸ್ಪರ್ಧೆಗಳ ಮೇಲೆಯೂ ಆ ಸರ್ಕಾರ 1948ರಲ್ಲಿ ಕಾಯ್ದೆ ತಂದಿತು. ಅಂಥ ಸ್ಪರ್ಧೆ ನಡೆಸುತ್ತಿದ್ದ ಚಮರ್‌ಬಾಗ್‌ವಾಲಾ ತಮ್ಮ ಗಂಟುಮೂಟೆ ಕಟ್ಟಿಕೊಂಡು ನಮ್ಮ ಬೆಂಗಳೂರಿಗೆ ಬಂದರು, ಅಲ್ಲಿಂದ ಪತ್ರಿಕೆ ಅಚ್ಚು ಹಾಕಿ ಮುಂಬಯಿಗೆ ಕಳಿಸಿದರು. ಮುಂಬಯಿ ಸರ್ಕಾರ ಅಲ್ಲಿಗೂ ಕಾನೂನಿನ ಕೈ ಚಾಚಿತು, ವ್ಯಾಜ್ಯ 1957ರವರೆಗೆ ನಡೆಯಿತು. ಕೇಂದ್ರದ ಅರ್ಥಮಂತ್ರಿಯಾದ ಮೇಲೆ 1963ರ ಜನವರಿಯಲ್ಲಿ ಅವರು ಹೊಸ ಒಡವೆಗಳು 14 ಕ್ಯಾರೆಟ್ ಮೀರಬಾರದೆಂದು ವಿಧಿಸಿದರು. ಭಾರತೀಯರಿಗೆ ಚಿನ್ನದ ಮೋಹ ಕೂಡದು, ವಿದೇಶಿ ವಿನಿಮಯ ಉಳಿಯಬೇಕು ಎಂಬುದು ಉದ್ದೇಶ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಉದ್ದೇಶವನ್ನು ಅಲ್ಲಗಳೆಯಲಾರೆ. ಆದರೆ ಮೋಹ ಕುಗ್ಗಲಿಲ್ಲ, ಕಳ್ಳಸಾಗಣೆ ಬೆಳೆಯಿತು, ದೇಶದ ಅಕ್ಕಸಾಲಿಗರ ಕುಲುಮೆ ಆರಿತು. ಚಿನ್ನದ ನಿಯಂತ್ರಣದ ಕಾನೂನು ಪೂರ್ತಿ ರದ್ದಾದದ್ದು 1990ರಲ್ಲಿ.

ಇಷ್ಟಾದರೂ ಅವರನ್ನು ಕಪಟಿ ಎನ್ನುವಂತಿಲ್ಲ. ನಮ್ಮ ಇಂದಿನ ನಿಷೇಧಪ್ರಿಯರಿಗೂ ಅವರಿಗೂ ಇರುವ ವ್ಯತ್ಯಾಸ ಇದೇ. ಹಣ್ಣು, ಹಾಲು, ಒಣಹಣ್ಣುಗಳ ಮಿತಾಹಾರ, ಚರಕ, ಗಡಿಯಾರದಂಥ ದಿನಚರಿ. ಇತರರಿಗೆ ವಿಧಿಸಿದ್ದಕ್ಕಿಂತ ಕಠಿಣ ಶಿಸ್ತನ್ನು ತಾವೇ ಪಾಲಿಸಿದರು. ತನಗೆ ಸಾಧ್ಯವಾದದ್ದು ಕಾನೂನಿನ ಭಯದಿಂದ ಎಲ್ಲರಿಗೂ ಸಾಧ್ಯವಾಗುತ್ತದೆಂದು ನಂಬಿದ್ದೇ ಅವರ ತಪ್ಪು. ಶಿಸ್ತಿನ ಅಧಿಕಾರಿಗಳಲ್ಲಿ ಈ ದೋಷ ಸಾಮಾನ್ಯ. ಕಡತದ ಮೇಲೆ ಸಹಿ ಬಿದ್ದ ಕೂಡಲೇ ಊರು ಬದಲಾಯಿತೆಂದು ನಾನೂ ಕೆಲವೊಮ್ಮೆ ಭಾವಿಸಿದ್ದುಂಟು. 1952ರ ಚುನಾವಣೆಯಲ್ಲಿ ಅವರು ಸ್ವಂತ ಕ್ಷೇತ್ರದಲ್ಲೇ 19 ಮತಗಳಿಂದ ಸೋತರು. ಪಕ್ಷ ಅವರನ್ನೇ ಮುಖ್ಯಮಂತ್ರಿ ಮಾಡಿತು.

1977ರಲ್ಲಿ, 81ರ ವಯಸ್ಸಿನಲ್ಲಿ ಪ್ರಧಾನಿಯಾದಾಗ ದೇಶವನ್ನೆಲ್ಲ ಪಾನಮುಕ್ತ ಮಾಡಲು ಮತ್ತೆ ಹೊರಟರು. ಸಂವಿಧಾನದ 47ನೆಯ ವಿಧಿ ಅವರ ಪರವಾಗಿತ್ತು, ರಾಜ್ಯಗಳ ಬೊಕ್ಕಸ ವಿರುದ್ಧವಾಗಿತ್ತು. ಮೈಸೂರು ರಾಜ್ಯ 1967ರಲ್ಲೇ ಪಾನನಿರೋಧವನ್ನು ಕೈಬಿಟ್ಟಿತ್ತು. 2007ರ ಜುಲೈನಲ್ಲಿ ಕರ್ನಾಟಕ ಸಾರಾಯಿಯನ್ನು ನಿಷೇಧಿಸಿತು, ಬಾಟಲಿಯ ಮದ್ಯವನ್ನು ಮುಟ್ಟಲಿಲ್ಲ. 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40 ಸಾವಿರ ಕೋಟಿ ರೂಪಾಯಿ. ಇಷ್ಟು ದೊಡ್ಡ ಪಾಲು ಪಡೆಯುವ ಸರ್ಕಾರ ನಾಗರಿಕನಿಗೆ ಸಂಯಮ ಬೋಧಿಸಿದರೆ ಕೇಳುವವರಾರು?

ಹಾಗೆಂದು ಬಸ್ಸಿನಲ್ಲಿ ಕುಡಿಯುವುದನ್ನು ನಾನು ಸಮರ್ಥಿಸುತ್ತಿಲ್ಲ. ಬಸ್ಸಿನ ಪ್ರಯಾಣಿಕನಿಗೆ ಎದ್ದು ಬೇರೆಡೆ ಹೋಗುವ ಅವಕಾಶವಿಲ್ಲ, ಆ ಹುಡುಗಿಯರಿಗೂ ಇರಲಿಲ್ಲ. 2008ರ ಜೂನ್ 1ರಿಂದ ಲಂಡನ್ನಿನ ಬಸ್ಸು, ಭೂಗತ ರೈಲುಗಳಲ್ಲಿ ಕುಡಿಯುವುದನ್ನು, ತೆರೆದ ಬಾಟಲಿ ಹಿಡಿದಿರುವುದನ್ನು ನಿಷೇಧಿಸಲಾಯಿತು. ಹಿಂದಿನ ರಾತ್ರಿ ಸಾವಿರಾರು ಜನ ರೈಲುಗಳಲ್ಲಿ ಕುಡಿದು ಕುಪ್ಪಳಿಸಿದ್ದೂ ಆಯಿತು. ಆದರೆ ಮುಚ್ಚಿದ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗುವವನನ್ನು ಅಲ್ಲಿ ತಡೆಯುವುದಿಲ್ಲ. ನಮ್ಮ 1989ರ ರೈಲ್ವೆ ಕಾಯ್ದೆಯ 145ನೆಯ ಸೆಕ್ಷನ್ನೂ ಹಾಗೆಯೇ. ಬೋಗಿಯಲ್ಲಿ ಅಮಲಿನಲ್ಲಿರುವವನನ್ನು, ಸಹಪ್ರಯಾಣಿಕರಿಗೆ ಉಪದ್ರವ ಕೊಡುವವನನ್ನು ಅದು ಕೆಳಗಿಳಿಸುತ್ತದೆ. ಮನೆಯ ಕಪಾಟನ್ನು ತೆರೆಯುವುದಿಲ್ಲ. ಲೋಂಡಾದ ಮೂಲಕ ಹೋಗುವ ರೈಲಿಗೂ ಖಾನಾಪುರದ ಬಸ್ಸಿಗೂ ಇಷ್ಟು ಸಾಕು. ಇದನ್ನು ಅಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚರ್ಚೆ ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕುವವರನ್ನು ಶಿಕ್ಷಿಸುವ ಬಗೆಗೆ ತಿರುಗಿತ್ತು.

ಮೊರಾರ್ಜಿ 1995ರ ಏಪ್ರಿಲ್ 10ರಂದು ಮುಂಬಯಿಯಲ್ಲಿ ತೀರಿಕೊಂಡರು, ನೂರಕ್ಕೆ ಒಂದು ವರ್ಷವೂ ಬಾಕಿಯಿರಲಿಲ್ಲ. ಅವರ ಕಾಯ್ದೆ ಗುಜರಾತಿನಲ್ಲಿ ಹೊಸ ಹೆಸರಿನಿಂದ ಇನ್ನೂ ಜಾರಿಯಲ್ಲಿದೆ. ಖಾನಾಪುರದಲ್ಲಿ ಬಸ್ಸು ಇಳಿದವನು ಅಜ್ಜನ ಮನೆಯಿದ್ದ ಓಣಿಗೆ ಹೋದೆ. ಮನೆ ಕೈಬದಲಾಗಿ ಎಷ್ಟೋ ವರ್ಷಗಳಾಗಿವೆ. ಆ ಕೂಲಿಯಾಳಿನ ಮನೆಯವರು ಯಾರಾದರೂ ಇದ್ದಾರೆಯೇ ಎಂದು ಒಂದೆರಡು ಕಡೆ ವಿಚಾರಿಸಿದೆ. ಯಾರಿಗೂ ಗೊತ್ತಿರಲಿಲ್ಲ.