ಐರೀನ್ ಜೋಲಿಯೋ-ಕ್ಯೂರಿ

ರೇಡಿಯಮ್ ಧಾತುವನ್ನು ಕಂಡುಹಿಡಿದ ಮಾದಾಮ್ ಕ್ಯೂರಿಯ ಹೆಸರನ್ನು ಅರಿಯದ ವಿದ್ಯಾರ್ಥಿನಿಯು ನಮ್ಮ ಶಾಲೆಯಲ್ಲಿ ಇರಲಾರಳು. ಆಕೆಯ ಹಿರಿಯ ಮಗಳಾದ ಐರೀನಳೂ ಲೋಕವಿಖ್ಯಾತಳೇ. ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳಿಂದ ಹೆಣ್ಣುಮಕ್ಕಳನ್ನು ವಿದ್ಯೆಗೆ ಕಳುಹಿಸುವ ತಂದೆತಾಯಂದಿರಿಗೂ, ಇಲ್ಲಿ ಕಲಿತು ಹೋದ ಸಹೋದರಿಯರಿಗೂ ಪ್ರಯೋಜನಕರವಾದೀತೆಂದು ಆಕೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ಐರೀನಳು ೧೮೯೭ನೆಯ ಇಸವಿ ಸೆಪ್ಟೆಂಬರ್ ೧೨ರಂದು ಪ್ಯಾರಿಸಿನಲ್ಲಿ ಜನಿಸಿದಳು. ಎಂಟು ವರ್ಷದವಳಿರುವಾಗಲೇ ತಂದೆಯು ಬೀದಿಯಲ್ಲಿ ಕುದುರೆಗಾಡಿಗೆ ಸಿಲುಕಿ ಮೃತನಾದನು. ತಾಯಿಯು ಶೋಕವನ್ನು ನುಂಗಿಕೊಂಡು ಪ್ರಯೋಗಶಾಲೆಯ ಕೆಲಸವನ್ನು ಮುಂದುವರಿಸಿದಳು. ಮಗಳಿಗೆ ಅಜ್ಜನು ಆಸರೆಯಾದನು. ೧೯೧೪ರ ಮಹಾಯುದ್ಧದಲ್ಲಿ ಈ ಎಳೆಯಳು ದಾದಿಯ ಕೆಲಸವನ್ನು ಕಲಿತು, ಎಕ್ಸ್ ಕಿರಣಗಳ ಸಹಾಯದಿಂದ ಗಾಯಾಳುಗಳ ಮೈಹೊಕ್ಕ ಗುಂಡುಗಳನ್ನು ವೈದ್ಯರಿಗೆ ತೋರಿಸಿಕೊಟ್ಟಳು. ೧೯೨೫ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಮರುವರ್ಷ ಫ್ರೆಡ್ರಿಕ್ ಜೋಲಿಯೋ ಎಂಬ ಸಹೋದ್ಯೋಗಿಯನ್ನು ವಿವಾಹವಾದಳು.

ದಂಪತಿಗಳಿಗೆ ಮೊದಲು ಒದಗಿದ್ದು ನಿರಾಶೆಯೇ. ನ್ಯೂಟ್ರಾನ್ ಎಂಬ ಕಣದ ಕುರುಹು ಕಣ್ಣೆದುರಿಗಿದ್ದರೂ ಅದನ್ನು ಬೇರೊಂದೆಂದು ಬಗೆದರು. ೧೯೩೨ರಲ್ಲಿ ಅದನ್ನು ಗುರುತಿಸಿದ ಕೀರ್ತಿಯು ಇಂಗ್ಲೆಂಡಿನ ಚಾಡ್ವಿಕನಿಗೆ ಸಂದಿತು. ೧೯೩೩ರ ಅಕ್ಟೋಬರದಲ್ಲಿ ಬ್ರಸೆಲ್ಸಿನ ವಿದ್ವತ್ಸಭೆಯಲ್ಲಿ ತಮ್ಮ ಹೊಸ ಪ್ರಯೋಗಗಳನ್ನು ವಿವರಿಸಲು, ಲೀಸೆ ಮೈಟ್ನರ್ ಎಂಬ ವಿದುಷಿಯೇ ಅವುಗಳನ್ನು ಸಂಶಯಿಸಿದಳು. ಅವರು ಎದೆಗುಂದದೆ ಮರಳಿ ಪ್ರಯೋಗಕ್ಕೆ ಕೈಹಾಕಿದರು.

೧೯೩೪ರ ಜನವರಿಯಲ್ಲಿ ಅವರು ಪೊಲೋನಿಯಮಿನ ಕಿರಣಗಳನ್ನು ಅಲ್ಯುಮಿನಿಯಮ್ ತಗಡಿನ ಮೇಲೆ ಬೀಳಿಸಿ, ಬಳಿಕ ಪೊಲೋನಿಯಮನ್ನು ದೂರ ಸರಿಸಿದರು. ಕಿರಣಗಳನ್ನು ಎಣಿಸುವ ಯಂತ್ರದ ಟಕಟಕ ಶಬ್ದವು ಆಗಲೇ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಯಂತ್ರವೇ ಕೆಟ್ಟಿರಬಹುದೆಂದು ಗೆಂಟ್ನರ್ ಎಂಬವನಿಂದ ಪರೀಕ್ಷಿಸಿದರು; ಯಂತ್ರವು ಸರಿಯಾಗಿತ್ತು. ಶಬ್ದವು ೩ ನಿಮಿಷ ೧೫ ಸೆಕೆಂಡುಗಳಲ್ಲಿ ಅರ್ಧಕ್ಕೂ, ಮತ್ತೆ ಅಷ್ಟೇ ಕಾಲದಲ್ಲಿ ಕಾಲುಭಾಗಕ್ಕೂ ಇಳಿಯುವುದೆಂದು ಅಳೆದರು. ಈ ಅವಧಿಗೆ ಅರ್ಧಾಯುಷ್ಯವೆಂದು ಹೆಸರು. ಇಂದಿನ ಸೂಕ್ಷ್ಮ ಮಾಪನದಂತೆ ಅದು ಸುಮಾರು ೨½ ನಿಮಿಷ. ಅಲ್ಯುಮಿನಿಯಮಿನ ಕೆಲವು ಪರಮಾಣುಗಳು ವಿಕಿರಣಶೀಲವಾದ ರಂಜಕವಾಗಿ ಮಾರ್ಪಟ್ಟಿದ್ದವು! ಮನುಷ್ಯನ ಕೈಯಿಂದ ಇಂಥ ವಸ್ತುವು ಉಂಟಾದುದು ಅದೇ ಮೊದಲು.

ಆದರೆ ಅದು ರಂಜಕವೇ ಎಂಬುದಕ್ಕೆ ರಸಾಯನಶಾಸ್ತ್ರದ ಸಾಕ್ಷ್ಯವು ಬೇಕಾಗಿತ್ತು. ನಾವು ಬೆಳಗಿನ ಪ್ರಾರ್ಥನೆಯಲ್ಲಿ ಒಂದು ಗೀತೆಯನ್ನು ಹಾಡಿ ಮುಗಿಸುವಷ್ಟರಲ್ಲಿ ಅರ್ಧವು ಅಳಿದುಹೋಗುವ ವಸ್ತುವನ್ನು ಬೇರ್ಪಡಿಸುವುದು ಹೇಗೆ? ತಗಡನ್ನು ಆಮ್ಲದಲ್ಲಿ ಕರಗಿಸಿ, ಹೊರಟ ಅನಿಲವನ್ನು ಗಾಜಿನ ನಳಿಗೆಯಲ್ಲಿ ಹಿಡಿದರು. ಕೆಲವೇ ನಿಮಿಷಗಳಲ್ಲಿ ಕೆಲಸವು ಮುಗಿಯಿತು. ವಿಕಿರಣವು ನಳಿಗೆಯೊಳಗೇ ಕಂಡಿತು. ಅಸ್ವಸ್ಥಳಾಗಿದ್ದ ತಾಯಿಯು ಆ ನಳಿಗೆಯನ್ನು ಕೈಯಲ್ಲಿ ಹಿಡಿದು ಸಂತೋಷಪಟ್ಟಳು. ಜುಲೈ ೪ರಂದು ತೀರಿಕೊಂಡಳು.

ಇಂದು ಥೈರಾಯಿಡ್ ಗ್ರಂಥಿಯ ಕೆಲವು ರೋಗಗಳಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಕೊಡುವ ವಿಕಿರಣಶೀಲ ಅಯೊಡಿನ್ ಮನುಷ್ಯನಿರ್ಮಿತವೇ. ಅದರ ಅರ್ಧಾಯುಷ್ಯ ೮ ದಿನ. ಅದನ್ನು ತಿಳಿಯದೆ ಔಷಧದ ಪ್ರಮಾಣವನ್ನು ಗೊತ್ತುಮಾಡುವಂತಿಲ್ಲ.

೧೯೩೫ರಲ್ಲಿ ದಂಪತಿಗಳಿಗೆ ನೊಬೆಲ್ ಬಹುಮಾನವು ದೊರೆಯಿತು. ೧೯೩೬ರಲ್ಲಿ, ಫ್ರೆಂಚ್ ಸ್ತ್ರೀಯರಿಗೆ ಮತದಾನದ ಹಕ್ಕೇ ಇಲ್ಲದಿದ್ದಾಗ, ಐರೀನಳು ಸರಕಾರದಲ್ಲಿ ವಿಜ್ಞಾನ ಸಂಶೋಧನೆಯ ಉಪಮಂತ್ರಿಣಿಯಾದಳು. ಆದರೂ ಅಲ್ಲಿಯ ವಿಜ್ಞಾನ ಅಕಾಡೆಮಿಯು ಆಕೆಯನ್ನು ಸದಸ್ಯಳನ್ನಾಗಿ ಆರಿಸಲಿಲ್ಲ. ಆಕೆಯು ಮತ್ತೆ ಮತ್ತೆ ಅರ್ಜಿಯನ್ನು ಸಲ್ಲಿಸಿ, ಆ ಬಾಗಿಲು ಮುಚ್ಚಿರುವುದನ್ನು ಲೋಕಕ್ಕೆ ತೋರಿಸಿದಳು. ೧೯೫೦ರ ಜನವರಿ ೧೧ರಂದು ಕಲಕತ್ತೆಯಲ್ಲಿ ಮೇಘನಾದ ಸಾಹಾರ ಪರಮಾಣು ವಿಜ್ಞಾನ ಸಂಸ್ಥೆಯನ್ನು ಉದ್ಘಾಟಿಸಿದವಳೂ ಈಕೆಯೇ.

ಬಹುಕಾಲ ಕಿರಣಗಳ ನಡುವೆ ದುಡಿದ ಆಕೆಯು ರಕ್ತದ ಕ್ಯಾನ್ಸರಿನಿಂದ ೧೯೫೬ರ ಮಾರ್ಚ್ ೧೭ರಂದು ನಿಧನ ಹೊಂದಿದಳು. ಆಕೆಯು ನಮ್ಮಂತೆ ದೇವಾಲಯಕ್ಕೆ ಹೋಗುವವಳಲ್ಲ. ಆದರೂ ಸತ್ಯಕ್ಕಾಗಿ ತನ್ನನ್ನು ಸವೆಸಿಕೊಂಡುದನ್ನು ನಾವು ಗೌರವದಿಂದ ಸ್ಮರಿಸುತ್ತೇವೆ. ಹೆಣ್ಣುಮಗಳು ವಿಜ್ಞಾನವನ್ನು ಕಲಿಯಲು ಬಯಸಿದರೆ ಮನೆಯವರು ಬೇಡವೆನ್ನದಿರಲಿ ಎಂಬುದೇ ನಮ್ಮ ಬಿನ್ನಹ.