ಬೋರ್ಡಿಂಗು ಕಟ್ಟಿಸಿದ ಮಹಾರಾಜರು

ಕೊಲ್ಹಾಪುರದ ರಾಜರ್ಷಿ ಶಾಹೂ ಮಹಾರಾಜರು ಹುಟ್ಟಿದ್ದು 1874ರ ಜೂನ್ 26ರಂದು, ಕಾಗಲದ ಘಾಟಗೆ ಮನೆತನದಲ್ಲಿ. ತಾಯಿ ರಾಧಾಬಾಯಿ ನಮ್ಮ ಮುಧೋಳದ ರಾಜಮನೆತನದವರು. 1884ರಲ್ಲಿ ದತ್ತಕ ಬಂದು, 1894ರಲ್ಲಿ ಆಡಳಿತ ವಹಿಸಿಕೊಂಡರು.

ಶಹರದಲ್ಲಿ ಶಾಲೆ, ಕಾಲೇಜು ಆಗಲೇ ಇದ್ದವು. ಆದರೆ ಹಳ್ಳಿಯಿಂದ ಬಂದ ಬಡ ಹುಡುಗನಿಗೆ ಉಳಿಯಲು ಜಾಗವಿರಲಿಲ್ಲ, ಎರಡು ಹೊತ್ತಿನ ಊಟವಿರಲಿಲ್ಲ. ಮಹಾರಾಜರು ಮೊದಲು ಕೈಹಾಕಿದ್ದು ಇದಕ್ಕೇ. 1901ರಿಂದ ಮರಾಠ, ಜೈನ, ಮುಸ್ಲಿಂ, ಲಿಂಗಾಯತ, ಅಸ್ಪೃಶ್ಯರೆನಿಸಿಕೊಂಡವರು ಹೀಗೆ ಒಂದೊಂದು ಸಮಾಜಕ್ಕೂ ವಸತಿಗೃಹ ಎದ್ದಿತು. ಜಾತಿಗೊಂದು ಬೋರ್ಡಿಂಗು ಯಾಕೆ ಎಂದು ಇಂದು ಕೇಳಬಹುದು. ಒಂದೇ ಪಂಕ್ತಿಯಲ್ಲಿ ಉಣ್ಣಲು ಒಪ್ಪದ ಕಾಲವದು. ಜನ ಬದಲಾಗಲಿ ಎಂದು ಅವರು ಹುಡುಗರನ್ನು ಕಾಯಿಸಲಿಲ್ಲ.

1917ರಲ್ಲಿ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಯಿತು. ಮಗುವನ್ನು ಕಳಿಸದ ತಂದೆತಾಯಿಗೆ ತಿಂಗಳಿಗೆ 1 ರೂಪಾಯಿ ದಂಡ. ಆಗ ಅದು ಸಣ್ಣ ಮೊತ್ತವಲ್ಲ! ಗಡಹಿಂಗ್ಲಜ ಮಾತ್ರವಲ್ಲ, ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗವೂ ಅಂದು ಇದೇ ಸಂಸ್ಥಾನದ್ದು. 1919ರಲ್ಲಿ ಅಸ್ಪೃಶ್ಯ ಮಕ್ಕಳ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ, ಅವರನ್ನು ಎಲ್ಲರ ಶಾಲೆಗೇ ಸೇರಿಸಿಕೊಳ್ಳಬೇಕೆಂದು ಆಜ್ಞೆ ಮಾಡಿದರು.

1922ರ ಮೇ 6ರಂದು ಮುಂಬೈಯಲ್ಲಿ ತೀರಿಕೊಂಡಾಗ ಅವರಿಗೆ 47 ವರ್ಷ. ಕೊಲ್ಹಾಪುರದ ದಸರಾ ಚೌಕದಲ್ಲಿ ಜೈನ, ಮುಸ್ಲಿಂ ಬೋರ್ಡಿಂಗುಗಳು ಇಂದಿಗೂ ಇವೆ.