ಕಾರಂತರ ನಾಟಕಕ್ಕೆ ಕ್ಲಾಕ್ ಯಾರು?

ಕಲಾಮಂದಿರದ ಆವರಣದಲ್ಲಿರೋ ರಂಗಾಯಣಕ್ಕೆ ನಿಮ್ಮಲ್ಲಿ ತುಂಬಾ ಜನ ಹೋಗಿರ್ತೀರಿ. ಅದನ್ನು ಕಟ್ಟಿ ಬೆಳೆಸಿದ ಬಿ.ವಿ. ಕಾರಂತರ ಹೆಸರೂ ಕೇಳಿರ್ತೀರಿ. (‘ಚೋಮನ ದುಡಿ’ ಕಾದಂಬರಿ ಬರೆದ ಶಿವರಾಮ ಕಾರಂತರು ಬೇರೆ, ಅದನ್ನು ಸಿನಿಮಾ ಮಾಡಿದ ಇವರು ಬೇರೆ. ನಮ್ಮ ಹಾಸ್ಟೆಲಿನಲ್ಲಿ ಈ ಗೊಂದಲ ಪ್ರತಿ ವರ್ಷ ಆಗುತ್ತೆ.) ನಾವು ನಾಟಕ ತಂಡದಲ್ಲಿ ಲೈಟು, ಸೌಂಡು ನೋಡ್ಕೊಳ್ಳೋರು. ಹಾಗಾಗಿ ಕಾರಂತರ ಬದುಕನ್ನು ನಮ್ಮ ಕಡೆಯಿಂದ, ಅಂದ್ರೆ ಕೇಬಲ್ ಕಡೆಯಿಂದ, ನೋಡೋಕೆ ಹೊರಟಿದ್ದೀವಿ.

ಮೊದಲು ನಮ್ಮ ಸೆಟಪ್ ಹೇಳಿಬಿಡ್ತೀವಿ. ಲ್ಯಾಪ್‌ಟಾಪಿನ ಒಂದು ಆಡಿಯೋ ಚಾನೆಲ್‌ನಲ್ಲಿ ರೆಕಾರ್ಡ್ ಮಾಡಿದ ಸಂಗೀತ, ಇನ್ನೊಂದರಲ್ಲಿ ಟೈಮ್‌ಕೋಡ್. ಸ್ಪೀಕರಿಗೆ ಕೊಟ್ಟರೆ ಬರೀ ಕಿರ್ರ್ ಅನ್ನೋ ಆ ಸಿಗ್ನಲ್ ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಗಂಟೆ, ನಿಮಿಷ, ಸೆಕೆಂಡು ಹೇಳ್ತಾ ಹೋಗುತ್ತೆ. ಲೈಟ್ ಕನ್ಸೋಲ್ ಅದನ್ನು ಓದಿ, ಡಿಎಂಎಕ್ಸ್ ಕೇಬಲಿನಲ್ಲಿ 512 ಚಾನೆಲ್‌ಗಳಿಗೆ 0ರಿಂದ 255ರವರೆಗಿನ ಬೆಲೆ ಕಳಿಸುತ್ತೆ. ಎಲ್ಇಡಿ ಕ್ಷಣದಲ್ಲಿ ಹತ್ತುತ್ತೆ. ಎಲ್ಲಾ ಪರ್ಫೆಕ್ಟ್. ಆದರೆ ಡಿಎಂಎಕ್ಸ್ ಮಾತಾಡೋದು ಒಂದೇ ದಿಕ್ಕಿನಲ್ಲಿ. ಲೈಟ್ ಹತ್ತಿತಾ ಇಲ್ವಾ ಅಂತ ಕನ್ಸೋಲಿಗೆ ಗೊತ್ತಾಗಲ್ಲ. ನಟ ಎಲ್ಲಿದ್ದಾನೆ ಅಂತ ಟ್ರ್ಯಾಕಿಗಂತೂ ಗೊತ್ತೇ ಇಲ್ಲ. ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಇದು ಓಪನ್ ಲೂಪ್. ಒಂದು ಕಾಲೇಜಿನ ಉತ್ಸವದಲ್ಲಿ ನೋಡಿದ್ವಿ: ಜನ ನಕ್ಕರು, ನಗು ಮುಗೀಲಿ ಅಂತ ನಟಿ ಕಾದಳು, ಲೈಟು ಕಾಯಲಿಲ್ಲ. ಅವಳ ಮುಂದಿನ ಮಾತು ಕತ್ತಲಲ್ಲೇ ಬಂತು.

ಈಗ ಕಾರಂತರ ಕಥೆಗೆ ಬರೋಣ. ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದ್ದು 1929ರಲ್ಲಿ, ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ. ಯಕ್ಷಗಾನದ ಸೀಮೆ ಅದು. ಅಲ್ಲಿ ಭಾಗವತರು ವೇಷಧಾರಿಯ ಹೆಜ್ಜೆ ನೋಡ್ತಾರೆ, ವೇಷಧಾರಿ ಭಾಗವತರ ದನಿ ಕೇಳ್ತಾನೆ, ಚೆಂಡೆ-ಮದ್ದಳೆಯವರು ಇಬ್ಬರನ್ನೂ ಗಮನಿಸ್ತಾರೆ. ಫೀಡ್‌ಬ್ಯಾಕ್ ಅಂದ್ರೆ ಇದೇ ಅಲ್ವಾ? ಮೂರನೇ ಕ್ಲಾಸಿನಲ್ಲೇ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಬಣ್ಣ ಹಚ್ಚಿದ ಹುಡುಗ ಆಮೇಲೆ ಮನೆಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿಕೊಂಡ. ಮುಂದೆ ಡಾ. ರಾಜ್‌ಕುಮಾರ್ ಆದ ಮುತ್ತುರಾಜರೂ ಆಗ ಅದೇ ಕಂಪನಿಯಲ್ಲಿದ್ದರು.

‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ-ಕುದುರೆ ತಂದ ಕಂಪನಿ ಅದು. ನಮಗೆ ಆನೆಗಿಂತ ಹಾರ್ಮೋನಿಯಂ ಮುಖ್ಯ. ಕಂಪನಿ ನಾಟಕದಲ್ಲಿ ಹಾಡು ಚೆನ್ನಾಗಿದ್ರೆ ಜನ ವನ್ಸ್ ಮೋರ್ ಅಂತ ಕೂಗೋರು, ಸತ್ತು ಬಿದ್ದ ಪಾತ್ರ ಕೂಡ ಎದ್ದು ಮತ್ತೆ ಹಾಡಬೇಕಾಗೋದು. ಹಾರ್ಮೋನಿಯಂನವರು, ತಬಲದವರು, ದೀಪದವರು ಎಲ್ಲರೂ ಆ ಕ್ಷಣದಲ್ಲೇ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಬೇಕು. ಟೈಮ್‌ಕೋಡಿಗೆ ವನ್ಸ್ ಮೋರ್ ಹೇಳಿ ನೋಡಿ.

ಹುಡುಗನ ಬುದ್ಧಿ ನೋಡಿ ವೀರಣ್ಣನವರೇ ಅವರನ್ನು ಓದೋಕೆ ಬನಾರಸ್‌ಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ., ಜೊತೆಗೆ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಆಗ ಸಂಸಾರ ನಡೆದದ್ದು ಪತ್ನಿ ಪ್ರೇಮಾ ಅವರ ಟೀಚರ್ ಕೆಲಸದಿಂದ. ಆ ಪ್ರೇಮಾ ಕಾರಂತರೂ ಮುಂದೆ ದೊಡ್ಡ ನಿರ್ದೇಶಕಿ ಆದರು, ಅವರ ಮೇಲೆ ಬೇರೆ ಲೇಖನವೇ ಬರೀಬೇಕು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ಮಾಡಿಸಿದಾಗ ಕನ್ನಡ ರಂಗಭೂಮಿಯ ದಿಕ್ಕೇ ಬದಲಾಯಿತು. 1977ರಲ್ಲಿ ತಾವು ಕಲಿತ ನಾಟಕ ಶಾಲೆಗೇ ನಿರ್ದೇಶಕರಾದರು. ‘ಮ್ಯಾಕ್‌ಬೆತ್’ ನಾಟಕವನ್ನು ‘ಬರ್ನಮ್ ವನ’ ಅನ್ನೋ ಹೆಸರಲ್ಲಿ ಹಿಂದಿಯಲ್ಲಿ ರಂಗಕ್ಕೆ ತಂದು, ಅದಕ್ಕೆ ಯಕ್ಷಗಾನದ ಹೆಜ್ಜೆ ಕಟ್ಟಿದರು. ಆಮೇಲೆ ಭೋಪಾಲದ ಭಾರತ ಭವನ.

ಮಧ್ಯದಲ್ಲಿ ಸಿನಿಮಾ. 1975ರ ‘ಚೋಮನ ದುಡಿ’ ಸ್ವರ್ಣಕಮಲ ಗೆದ್ದಿತು. ‘ಋಷ್ಯಶೃಂಗ’, ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೂ ರಾಷ್ಟ್ರ ಪ್ರಶಸ್ತಿ ಬಂತು. ಸಿನಿಮಾದಲ್ಲಿ ಚಿತ್ರಕ್ಕೊಂದು ಮಷೀನು, ಶಬ್ದಕ್ಕೊಂದು ಮಷೀನು. ಎರಡನ್ನೂ ಹೊಂದಿಸೋಕೆ ಕ್ಲಾಪ್ ಬೋರ್ಡ್. ಅದೂ ಒಂದು ಕಂಟ್ರೋಲ್ ಸಿಗ್ನಲ್ಲೇ. ಅಂದ್ರೆ ಕಾರಂತರಿಗೆ ರೆಕಾರ್ಡಿಂಗ್ ಗೊತ್ತಿರಲಿಲ್ಲ ಅಂತಲ್ಲ, ಚೆನ್ನಾಗೇ ಗೊತ್ತಿತ್ತು. ಗೊತ್ತಿದ್ದೂ ನಾಟಕಕ್ಕೆ ಜೀವಂತ ಸಂಗೀತವನ್ನೇ ಇಟ್ಕೊಂಡರು. ಕಲ್ಲು, ಬಿದಿರು, ಪಾತ್ರೆ, ಏನು ಸಿಕ್ಕಿದರೂ ವಾದ್ಯ. ನಟರೇ ಹಾಡಬೇಕು. ಎಷ್ಟೋ ಸಲ ಹಾರ್ಮೋನಿಯಂ ಮುಂದೆ ತಾವೇ ಕೂತು, ಕಣ್ಣು ನಟರ ಮೇಲೆ ಇಟ್ಟು ನುಡಿಸೋರು.

1989ರಲ್ಲಿ ಮೈಸೂರಿಗೆ ಬಂದು ರಂಗಾಯಣದ ಮೊದಲ ನಿರ್ದೇಶಕರಾದರು. ಸಂಬಳ ಕೊಟ್ಟು ಕಲಾವಿದರನ್ನು ಇಟ್ಕೊಂಡು, ದಿನಾ ತಾಲೀಮು ನಡೆಸೋ ಸರ್ಕಾರಿ ರೆಪರ್ಟರಿ ಅದು. ನಮಗೆ ಇಲ್ಲಿ ಕಾಣೋ ಮುಖ್ಯ ವಿಷಯ ಈ ದಿನಾ ಅನ್ನೋದು. ಜೀವಂತ ಸಿಂಕ್ ಬಿಟ್ಟಿ ಬರಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಾಗೋಕೆ ತಿಂಗಳುಗಟ್ಟಲೆ ಒಟ್ಟಿಗಿರಬೇಕು. ನಮಗೆ ಇಂಟರ್ನಲ್ಸ್ ಮಧ್ಯೆ ಸಿಗೋದು ಹತ್ತು ಸಂಜೆ. ಟ್ರ್ಯಾಕ್ ಹಾಕೋದು ಬರೀ ಸೋಮಾರಿತನ ಅಂತ ಬೈಯೋರಿಗೆ ಇದು ಅರ್ಥ ಆಗಬೇಕು. ಅರಮನೆಯ ಧ್ವನಿ-ಬೆಳಕು ಕಾರ್ಯಕ್ರಮ ನೋಡಿ, ಅಲ್ಲಿ ರೆಕಾರ್ಡಿಂಗೇ ಸರಿ. ಅರಮನೆ ಡೈಲಾಗ್ ಮರೆಯಲ್ಲ, ಕೆಮ್ಮಲ್ಲ. ವೇದಿಕೆ ಮೇಲೆ ಮನುಷ್ಯರಿದ್ದಾಗ ಮಾತ್ರ ಮಾಸ್ಟರ್ ಯಾರು, ಸ್ಲೇವ್ ಯಾರು ಅನ್ನೋ ಪ್ರಶ್ನೆ ಬರುತ್ತೆ. ಕಾರಂತರ ನಾಟಕದಲ್ಲಿ ಮಾಸ್ಟರ್ ಕ್ಲಾಕ್ ನಟ.

1995ರವರೆಗೆ ಅವರು ರಂಗಾಯಣದಲ್ಲಿದ್ದರು. 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ನಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ.

ಈ ಸಲದ ನಾಟಕಕ್ಕೆ ಟೈಮ್‌ಕೋಡ್ ತೆಗೀತಿದ್ದೀವಿ. ತಮಟೆಗೆ ಒಂದು ಪೀಜೋ ಸೆನ್ಸರ್ ಅಂಟಿಸಿ, ಅದರ ಸಿಗ್ನಲ್ ಆರ್ಡುಯಿನೋಗೆ ಕೊಟ್ಟು, ಅಲ್ಲಿಂದ ಡಿಎಂಎಕ್ಸ್. 512 ಚಾನೆಲ್ ಪೂರ್ತಿ ಕಳಿಸೋಕೆ ಸುಮಾರು 23 ಮಿಲಿಸೆಕೆಂಡ್ ಬೇಕು, ನಮಗೆ 24 ಚಾನೆಲ್ ಸಾಕಾಗೋದ್ರಿಂದ ಇನ್ನೂ ಬೇಗ ಆಗುತ್ತೆ. ತಮಟೆಯವನು ನಟಿಯನ್ನು ನೋಡ್ತಾನೆ, ಲೈಟು ತಮಟೆಯನ್ನು ಕೇಳುತ್ತೆ. ನಟಿ ಕಾದರೆ ಎಲ್ಲರೂ ಕಾಯ್ತೀವಿ. ತಮಟೆ ಬಾರಿಸೋಕೆ ಬರೋರು ಇನ್ನೊಬ್ಬರು ಬೇಕು, ಸಂಜೆ ಐದಕ್ಕೆ ಸೆಮಿನಾರ್ ಹಾಲಿಗೆ ಬನ್ನಿ.